ಪದವಿಯ ಋಣ

(ಹೊಸದಾಗಿ ಪದವಿ ಪಡೆದ ವಿದ್ಯಾರ್ಥಿಗಳ ಸ್ನೇಹಸಮ್ಮೇಲನದಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕಾಲೇಜಿನ ವಿದ್ಯಾಭ್ಯಾಸವನ್ನು ಮುಗಿಸಿ ಪದವೀಧರರಾಗಿ ನಿಂತಿರುವ ನಿಮ್ಮನ್ನು ಮೊದಲು ಮನಸಾರೆ ಅಭಿನಂದಿಸುತ್ತೇವೆ. ಇಂಥ ಸಮಾರಂಭಗಳಲ್ಲಿ ತರುಣರಿಗೆ ಉಪದೇಶ ಮಾಡುವ ರೂಢಿಯುಂಟು. ನೀವೇ ನಾಡಿನ ಆಧಾರಸ್ತಂಭಗಳು ಎಂಬ ಮಾತನ್ನು ನೀವು ಬಾಲ್ಯದಿಂದಲೂ ಕೇಳುತ್ತ ಬಂದಿರುವಿರಿ. ಅದನ್ನು ಮತ್ತೊಮ್ಮೆ ಕೇಳಿ ನಿಮಗಾಗುವ ಲಾಭವೇನೂ ಇಲ್ಲ. ಆದಕಾರಣ ನಾವು ಉಪದೇಶವನ್ನು ಬದಿಗಿಟ್ಟು ಒಂದು ಲೆಕ್ಕವನ್ನು ಮಾತ್ರ ನಿಮ್ಮ ಮುಂದೆ ಇಡಬಯಸುತ್ತೇವೆ. ವಕೀಲರ ವೃತ್ತಿಯೇ ಹಾಗೆ. ಯಾರು ಯಾರಿಗೆ ಏನು ಕೊಟ್ಟರು, ಯಾರು ಏನು ಪಡೆದರು, ಬಾಕಿ ಏನುಳಿಯಿತು ಎಂಬದನ್ನು ನೋಡದೆ ನಮ್ಮ ದಿನ ಮುಗಿಯುವದಿಲ್ಲ. ಕಾಲೇಜು ನಿಮಗೆ ಏನನ್ನು ಕೊಟ್ಟಿತು? ಅದು ಯಾರ ಹಣದಿಂದ, ಯಾರ ಶ್ರಮದಿಂದ ಬಂದಿತು? ಅದರ ಬಾಕಿಯನ್ನು ತೀರಿಸುವ ಬಗೆ ಯಾವುದು? ಈ ಮೂರು ಪ್ರಶ್ನೆಗಳೇ ಇಂದಿನ ನಮ್ಮ ವಿಷಯ.

ಮೊದಲು ಓದಿನ ಮಾತು. ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಯೇ ಅರಸು. ಗುರು, ಗ್ರಂಥ, ಗ್ರಂಥಾಲಯಗಳೆಲ್ಲ ಅದರ ಊಳಿಗದವರು. ಇದು ಇಂದಿನ ಹುಡುಗರ ಸೋಮಾರಿತನದಿಂದ ಹುಟ್ಟಿದ ದೋಷವೆಂದು ಹಿರಿಯರು ಹೇಳುವದುಂಟು. ಇತಿಹಾಸವು ಬೇರೆಯಾಗಿ ಹೇಳುತ್ತದೆ. 1857ರಲ್ಲಿ ಕಲಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದಾಗ ಲಂಡನ್ ವಿಶ್ವವಿದ್ಯಾಲಯದ ಅಂದಿನ ಮಾದರಿಯನ್ನು ಹಿಡಿಯಲಾಯಿತು. ಪಾಠ ಹೇಳುವದು ವಿಶ್ವವಿದ್ಯಾಲಯದ ಕೆಲಸವಾಗಿರಲಿಲ್ಲ. ಊರೂರಿನ ಕಾಲೇಜುಗಳು ಪಾಠ ಹೇಳಬೇಕು, ವಿಶ್ವವಿದ್ಯಾಲಯವು ಪರೀಕ್ಷೆ ನಡೆಸಿ ಪದವಿ ಕೊಡಬೇಕು, ಇಷ್ಟೇ ಏರ್ಪಾಡು. ವಿಶ್ವವಿದ್ಯಾಲಯಗಳು ತಾವೂ ಪಾಠ ಹೇಳಬಹುದೆಂದು ಒಪ್ಪಿದ ಕಾಯದೆಯು 1904ರಲ್ಲಿ ಬಂದಿತು. ಅಲ್ಲಿಯ ವರೆಗಿನ ಸುಮಾರು ಅರ್ಧ ಶತಮಾನದಲ್ಲಿ ಕಲಿಸಿದವರು ಒಬ್ಬರು, ಪರೀಕ್ಷಿಸಿದವರು ಮತ್ತೊಬ್ಬರು. ಇಂಥ ಏರ್ಪಾಡಿನಲ್ಲಿ ವಿದ್ಯಾರ್ಥಿಯು ವಿಷಯವನ್ನು ಅರಿಯುವದಕ್ಕಿಂತ ಕಣ್ಣಿಗೆ ಕಾಣದ ಪರೀಕ್ಷಕನ ಮನಸ್ಸನ್ನು ಊಹಿಸುವ ವಿದ್ಯೆಯನ್ನೇ ಹೆಚ್ಚಾಗಿ ಕಲಿತನು. ಆ ವಿದ್ಯೆಯು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬಂದಿದೆ. 'ಮಹತ್ವದ ಪ್ರಶ್ನೆಗಳು' ಎಂಬ ಪುಸ್ತಕಗಳು ಅಂಗಡಿಗಳಲ್ಲಿ ಇಂದಿಗೂ ಮಾರಾಟವಾಗುತ್ತಿರುವದು ಈ ವಂಶಪರಂಪರೆಯ ಫಲವೇ ಸರಿ.

ಏರ್ಪಾಡುಗಳು ಅನೇಕ ಸಲ ಬದಲಾದವು. ವರುಷಕ್ಕೊಮ್ಮೆ ಬರುತ್ತಿದ್ದ ಪರೀಕ್ಷೆಯು ಆರು ತಿಂಗಳಿಗೊಮ್ಮೆ ಬರತೊಡಗಿತು. 2021-22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರುಷಗಳ ಪದವಿಯ ಯೋಜನೆ ಬಂದಿತು. 2024-25ರಿಂದ ಮತ್ತೆ ಮೂರು ವರುಷಗಳ ಪದವಿಯೇ ಬಂದಿತು. ಒಂದೇ ಮನೆಯ ಅಣ್ಣ ಒಂದು ಬಗೆಯ ಪಠ್ಯಕ್ರಮದಲ್ಲಿ, ತಮ್ಮ ಇನ್ನೊಂದು ಬಗೆಯದರಲ್ಲಿ ಓದುವಂತಾಯಿತು. ಈ ಬದಲಾವಣೆಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ವಾದಕ್ಕೆ ನಾವು ಇಂದು ಕೈಹಾಕುವದಿಲ್ಲ. ವರುಷಗಳು ಮೂರಿರಲಿ, ನಾಲ್ಕಿರಲಿ, ಕೊಟ್ಟ ಟಿಪ್ಪಣಿಯನ್ನು ಕೊಟ್ಟ ಮಾತುಗಳಲ್ಲಿಯೇ ಮರಳಿ ಬರೆದು ಕೊಡುವದೇ ವಿದ್ಯೆಯೆಂದು ತಿಳಿಯುವ ವರೆಗೆ ಮೂಲರೋಗವು ಹಾಗೆಯೇ ಉಳಿಯುವದೆಂಬದಷ್ಟೇ ನಮ್ಮ ಮಾತು.

ನಾವು ವಿದ್ಯಾರ್ಥಿಗಳಾಗಿದ್ದಾಗಲೂ ಟಿಪ್ಪಣಿಯ ರಾಜ್ಯವೇ ಇತ್ತು. ಅಧ್ಯಾಪಕರು ನಿಧಾನವಾಗಿ ಓದುವರು, ನಾವು ತಲೆಯೆತ್ತದೆ ಬರೆಯುವೆವು; ಗಂಟೆ ಹೊಡೆಯುತ್ತಲೇ ಇಬ್ಬರಿಗೂ ಬಿಡುಗಡೆ. ಆದರೆ ನಮ್ಮ ಇತಿಹಾಸದ ಗುರುಗಳೊಬ್ಬರು ವಾರಕ್ಕೊಮ್ಮೆ ಬೇರೊಂದು ಕ್ರಮವನ್ನು ಅನುಸರಿಸುತ್ತಿದ್ದರು. ಪಾಠ ಮುಗಿಸಿದ ಮೇಲೆ ವಹಿಗಳನ್ನು ಮುಚ್ಚಿಸಿ, ಯಾರನ್ನಾದರೂ ಎಬ್ಬಿಸಿ, "ಈಗ ಕೇಳಿದ್ದನ್ನೆಲ್ಲ ನಿಮ್ಮ ಊರ ಚಾವಡಿಯಲ್ಲಿ ಕುಳಿತವರಿಗೆ ಹೇಳಿರಿ ನೋಡೋಣ" ಎನ್ನುತ್ತಿದ್ದರು. ಜಮೀನು ಕಂದಾಯದ ಪದ್ಧತಿಗಳ ಮೇಲೆ ಹತ್ತು ಪುಟಗಳ ಉತ್ತರವನ್ನು ಬಾಯಿಪಾಠ ಮಾಡಿದವರು ಆ ಪ್ರಶ್ನೆಗೆ ಎರಡು ಮಾತು ಹೇಳಲಾರದೆ ತಡವರಿಸುತ್ತಿದ್ದರು. ಒಕ್ಕಲುತನದ ಮನೆಯಿಂದ ಬಂದ, ಅಂಕಗಳಲ್ಲಿ ಹಿಂದಿದ್ದ ಹುಡುಗನು ಎದ್ದು ನಿಂತು, ಬೆಳೆ ಬಂದರೂ ಬಾರದಿದ್ದರೂ ನಗದು ಕಂದಾಯ ಕಟ್ಟಬೇಕಾದಾಗ ರೈತನು ಸಾಹುಕಾರನ ಬಾಗಿಲಿಗೆ ಹೇಗೆ ಹೋದನೆಂಬದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದನು. ವಿದ್ಯೆಯ ನಿಜವಾದ ಪರೀಕ್ಷೆ ಯಾವುದೆಂಬದು ಆ ಕೋಣೆಯಲ್ಲಿ ನಮಗೆ ತಿಳಿಯಿತು. ಕಲಿತದ್ದನ್ನು ಅದರ ಅವಶ್ಯಕತೆಯುಳ್ಳ ಮನುಷ್ಯನಿಗೆ ಅವನ ಮಾತಿನಲ್ಲಿ ತಿಳಿಯಹೇಳಲು ಬಂದರೆ ಅದು ನಮ್ಮದಾಯಿತು; ಬಾರದಿದ್ದರೆ ಅದು ಇನ್ನೂ ಪುಸ್ತಕದ ಸೊತ್ತು.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಪಾಠವನ್ನೂ ಪರೀಕ್ಷೆಯನ್ನೂ ತುಚ್ಛೀಕರಿಸಿದೆವೆಂದು ತಿಳಿಯಬೇಡಿರಿ. ಅಭ್ಯಾಸವನ್ನು ಬಿಟ್ಟು ಬರಿಯ ಭಾಷಣ ಮಾಡುತ್ತ ತಿರುಗಿದವರಿಂದ ನಾಡಿಗೆ ಏನೂ ಆಗಿಲ್ಲ. ಬೇಸರದ ಗ್ರಂಥವೊಂದನ್ನು ಕೊನೆಯ ವರೆಗೆ ಓದುವ ತಾಳ್ಮೆ, ಒಂದು ವಾದದ ಎರಡೂ ಪಕ್ಷಗಳನ್ನು ತೂಗಿ ನೋಡುವ ಸಮಚಿತ್ತ, ಹೇಳಿದ ಮಾತಿಗೆ ಆಧಾರ ಕೇಳುವ ಅಭ್ಯಾಸ, ಇವು ಕಾಲೇಜಿನಲ್ಲಿ ಬಾರದೆ ಹೋದರೆ ಮುಂದೆ ಬರುವದು ಕಷ್ಟ. ಅದರೊಡನೆ ಕಾಲೇಜಿನ ಆವರಣದಲ್ಲಿಯೇ ಇರುವ ಇನ್ನೊಂದು ಕಾಲೇಜನ್ನು ಮರೆಯಬಾರದು.

ಆ ಎರಡನೆಯ ಕಾಲೇಜಿಗೆ ಕಟ್ಟಡವಿಲ್ಲ, ಪ್ರಾಂಶುಪಾಲರಿಲ್ಲ. ಖಾನಾವಳಿಯ ಪಂಕ್ತಿಯಲ್ಲಿ, ವಸತಿಗೃಹದ ಕಟ್ಟೆಯ ಮೇಲೆ, ಗ್ರಂಥಾಲಯದ ಮೂಲೆಯಲ್ಲಿ, ಚರ್ಚಾಕೂಟದಲ್ಲಿ ಅದು ನಡೆಯುತ್ತದೆ. ಬೇರೆ ಜಾತಿಯ, ಬೇರೆ ಜಿಲ್ಲೆಯ ಹುಡುಗನ ಮಗ್ಗುಲಲ್ಲಿ ಕುಳಿತು ರೊಟ್ಟಿ ತಿನ್ನುವದೂ ಒಂದು ಪಾಠ. ಬಳ್ಳಾರಿಯವನ ಮಾತಿಗೆ ಮಂಗಳೂರಿನವನು ನಕ್ಕು, ಮಂಗಳೂರಿನವನ ಮಾತಿಗೆ ಕಲಬುರ್ಗಿಯವನು ನಕ್ಕು, ಕಡೆಗೆ ಮೂವರೂ ಸ್ನೇಹಿತರಾಗುವದು ಇನ್ನೊಂದು ಪಾಠ. ನಮ್ಮ ಕಾಲೇಜುಗಳ ಚರಿತ್ರೆಯನ್ನು ಓದಿ ನೋಡಿರಿ. ನಾಡಿಗೆ ಉಳಿದು ಬಂದ ಅನೇಕ ವಸ್ತುಗಳು ಈ ಎರಡನೆಯ ಕಾಲೇಜಿನಲ್ಲಿ ಹುಟ್ಟಿದವು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಉದಾಹರಣೆಯನ್ನು ತೆಗೆದುಕೊಳ್ಳಿರಿ. ಅಲ್ಲಿ ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಕರ್ನಾಟಕ ಸಂಘವು ಬೆಳೆಯಿತು. ಆ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಪತ್ರಿಕೆಯು ಹೊರಟಿತು. ಅದೇ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಾಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಕೂಡಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಅದು ಬಹುಕಾಲ ಬಾಳಲಿಲ್ಲ, ನಿಜ. ಆದರೆ ಆ ಪ್ರಯತ್ನವು ಯಾರ ಅಪ್ಪಣೆಯಿಂದ ನಡೆಯಿತು? ಯಾವ ಪರೀಕ್ಷೆಗೆ ಅದರಿಂದ ಅಂಕಗಳು ದೊರೆಯುತ್ತಿದ್ದವು? ಶಾಸ್ತ್ರವನ್ನು ತಿಳಿದವರಿಗೆ ಅದನ್ನು ತಮ್ಮ ಜನರಿಗೆ ಹೇಳದೆ ಸಮಾಧಾನವಾಗಲಿಲ್ಲ, ಕಾರಣವು ಅಷ್ಟೇ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಬಂದು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ್ದು ಇದೇ ಅಸಮಾಧಾನದಿಂದ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದ ಬೇಂದ್ರೆಯವರು ಧಾರವಾಡಕ್ಕೆ ಮರಳಿದ ಮೇಲೆ ಗೆಳೆಯರ ಗುಂಪನ್ನು ಕಟ್ಟಿದರು. ಕಾಲೇಜಿನಲ್ಲಿ ಹತ್ತಿದ ಕೂಟದ ರುಚಿಯು ಪದವಿಯೊಡನೆ ಮುಗಿಯಬೇಕಾಗಿಲ್ಲವೆಂಬದನ್ನು ಆ ಗುಂಪು ತೋರಿಸಿಕೊಟ್ಟಿತು.

ಎರಡನೆಯ ಕಾಲೇಜು ಕೆಲವೊಮ್ಮೆ ಕಠಿಣವಾದ ಬೆಲೆಯನ್ನೂ ಕೇಳಿದೆ. 1942ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿನಾಯಕರಾಗಿದ್ದ ಎಚ್. ವೈ. ಶಾರದಾಪ್ರಸಾದರು ಸೆರೆಮನೆಗೆ ಹೋದರು. 1947ರ ಸೆಪ್ಟೆಂಬರದಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಒಂದು ತಿಂಗಳೊಳಗೆ, ಮೈಸೂರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ನಡೆದ ಚಳವಳಿಯಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಗುಂಡಿಗೆ ಬಲಿಯಾದನು. ಆ ಊರಿನ ಒಂದು ವೃತ್ತವು ಇಂದಿಗೂ ಅವನ ಹೆಸರನ್ನು ಹೊತ್ತು ನಿಂತಿದೆ. ದಿನವೂ ಅದನ್ನು ದಾಟಿ ಕಾಲೇಜಿಗೆ ಹೋಗುವ ಹುಡುಗರಲ್ಲಿ ಆ ಹೆಸರು ಯಾರದೆಂದು ಕೇಳಿ ತಿಳಿದವರು ಎಷ್ಟು ಮಂದಿ ಇರಬಹುದು?

ಇನ್ನು ಎರಡನೆಯ ಪ್ರಶ್ನೆ. ಈ ವಿದ್ಯೆಯು ಯಾರ ಹಣದಿಂದ ಬಂದಿತು? ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ 1917ರ ವರೆಗೆ ಒಂದು ಸರಕಾರಿ ಕಾಲೇಜೂ ಇರಲಿಲ್ಲ. ಮೆಟ್ರಿಕ್ ಮುಗಿಸಿದ ಹುಡುಗನು ಪುಣೆಗೋ ಮುಂಬಯಿಗೋ ಹೋಗಬೇಕು. ಹೋಗಲಾರದವನು ಕಚೇರಿಯಲ್ಲಿ ಕಾರಕೂನಿಕೆಗೆ ಕೂಡ್ರಬೇಕು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಪಟ್ಟುಹಿಡಿದು ಪ್ರಯತ್ನಿಸಿದ್ದರಿಂದ ಆ ವರುಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿತು. ಹಿಂದೆ ರೇಲ್ವೆ ಕಂಪನಿಯ ಕಚೇರಿಯಾಗಿದ್ದ ಕಟ್ಟಡದಲ್ಲಿ ನಮ್ಮ ಮಕ್ಕಳು ಶೇಕ್ಸ್‌ಪಿಯರನನ್ನೂ ಪಂಪನನ್ನೂ ಓದುವಂತಾಯಿತು. ಅದಕ್ಕೆ ಒಂದು ವರುಷ ಮೊದಲು, 1916ರಲ್ಲಿ, ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ. ಎಲ್. ಇ. ಸಂಸ್ಥೆಗೆ ಅಡಿಗಲ್ಲನ್ನಿಟ್ಟರು. ಸಂಸ್ಥೆಯನ್ನು ಕಟ್ಟಿದವರು ಸಂಸ್ಥಾನಿಕರಲ್ಲ, ಶಿಕ್ಷಕರು. ಈ ಸಭೆಯಲ್ಲಿ ಕುಳಿತಿರುವ ಶಿಕ್ಷಕ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು. ಆ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜು ಸಿರಸಂಗಿಯ ಲಿಂಗರಾಜ ದೇಸಾಯರ ಹೆಸರನ್ನು ಹೊತ್ತಿದೆ. 1906ರಲ್ಲಿ ತೀರಿಕೊಂಡ ಆ ಪುಣ್ಯಪುರುಷರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. ವಕೀಲಿ ವೃತ್ತಿಯಲ್ಲಿ ನಾವು ಮೃತ್ಯುಪತ್ರಗಳನ್ನು ಕಾಣುತ್ತಲೇ ಇರುತ್ತೇವೆ. ಅಣ್ಣನಿಗೆ ಇಷ್ಟು, ತಮ್ಮನಿಗೆ ಇಷ್ಟು ಎಂದು ಬರೆದವುಗಳೇ ಬಹಳ. ಕಾಣದ ಊರಿನ ಕಾಣದ ಹುಡುಗನಿಗೆ ಎಂದು ಬರೆದವು ತೀರ ವಿರಳ.

ದೊಡ್ಡವರ ದಾನವನ್ನು ಕಲ್ಲಿನ ಮೇಲೆ ಕೊರೆದಿರುತ್ತಾರೆ. ಸಣ್ಣವರ ದಾನಕ್ಕೆ ಕಲ್ಲು ಸಾಲದು. ಬಡ ವಿದ್ಯಾರ್ಥಿಗೆ ವಾರಕ್ಕೊಂದು ದಿನ ಊಟ ಹಾಕಿದ ಮನೆಗಳ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ. ಆ ವಾರಾನ್ನದ ಬಲದಿಂದ ಓದಿದವರು ನ್ಯಾಯಾಧೀಶರಾದರು, ವೈದ್ಯರಾದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಂಥ ಉಚಿತ ವಸತಿಗಳಿಗೆ ಜೋಳದ ಚೀಲ ಕಳಿಸಿದ ರೈತನು ತನ್ನ ಹೆಸರನ್ನು ಬರೆಯಿಸಲಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿದು, ಪಲ್ಯ ಮಾಡಿ, ಬುತ್ತಿ ಕಟ್ಟಿ, ಊರಿನಿಂದ ಹೊರಡುವ ಮೊದಲನೆಯ ಬಸ್ಸಿನಲ್ಲಿ ಮಗನಿಗೆ ಕಳಿಸಿದ ತಾಯಿಯ ಲೆಕ್ಕವನ್ನು ಇಟ್ಟವರಾರು? ಅಣ್ಣನು ಓದಲೆಂದು ಶಾಲೆ ಬಿಟ್ಟು ಕಳೆ ತೆಗೆಯಲು ಹೋದ ತಂಗಿಯ ಬಾಕಿಯನ್ನು ಯಾವ ಪುಟದಲ್ಲಿ ಬರೆಯಬೇಕು? ಇದಲ್ಲದೆ, ಕಾಲೇಜಿನ ಮೆಟ್ಟಿಲನ್ನು ಎಂದೂ ತುಳಿಯದವನು ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ತೆರುತ್ತಾನೆ. ಆ ತೆರಿಗೆಯ ಹಣವೇ ಸರಕಾರದ ಅನುದಾನವಾಗಿ ನಿಮ್ಮ ಪ್ರಯೋಗಶಾಲೆಗೂ ಗ್ರಂಥಾಲಯಕ್ಕೂ ಬಂದಿದೆ. ನೀವು ಕಟ್ಟಿದ ಶುಲ್ಕದಿಂದಲೇ ನಿಮ್ಮ ವಿದ್ಯೆಯ ಪೂರ್ಣ ಬೆಲೆಯು ಸಂದಿತೆಂದು ತಿಳಿಯುವದು ಲೆಕ್ಕದ ತಪ್ಪು.

ಮೂರನೆಯದು ಬಾಕಿಯನ್ನು ತೀರಿಸುವ ಮಾತು. ಇಲ್ಲಿ ಭಾಷೆಯ ಪ್ರಶ್ನೆಯು ತಾನಾಗಿಯೇ ಬರುತ್ತದೆ. ಒಂದು ಕಾಲಕ್ಕೆ ಧಾರವಾಡದ ವಿದ್ಯಾರ್ಥಿಯು ಮುಂಬಯಿ ವಿಶ್ವವಿದ್ಯಾಲಯದ ಕಡೆಗೆ, ಮಂಗಳೂರಿನವನು ಮದ್ರಾಸಿನ ಕಡೆಗೆ, ಕಲಬುರ್ಗಿಯವನು ಹೈದರಾಬಾದಿನ ಕಡೆಗೆ, ಮೈಸೂರಿನವನು 1916ರಲ್ಲಿ ಸ್ಥಾಪಿತವಾದ ತನ್ನ ವಿಶ್ವವಿದ್ಯಾಲಯದ ಕಡೆಗೆ ಮುಖಮಾಡಿ ಕೂಡ್ರಬೇಕಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಭಾಷಾಂತರದ ಕಚೇರಿಯನ್ನೇ ತೆರೆದು, ಆಧುನಿಕ ಶಾಸ್ತ್ರಗಳನ್ನು ಉರ್ದುವಿನಲ್ಲಿ ಕಲಿಸಿತು. ಭಾರತೀಯ ಭಾಷೆಯೊಂದು ಉಚ್ಚ ವಿದ್ಯೆಯ ಭಾರವನ್ನು ಹೊರಬಲ್ಲದೆಂಬದಕ್ಕೆ ಅದು ದೊಡ್ಡ ಸಾಕ್ಷಿ. ಆದರೆ ಕಲಬುರ್ಗಿಯ ಅನೇಕ ಕನ್ನಡ ಹುಡುಗರಿಗೆ ಅದೂ ಮನೆಯ ಮಾತಾಗಿರಲಿಲ್ಲ. ಮೈಸೂರಿನಲ್ಲಿಯೂ ವಿಶ್ವವಿದ್ಯಾಲಯವು ಹುಟ್ಟಿ ಹನ್ನೊಂದು ವರುಷಗಳಾದ ಮೇಲೆ, 1927ರಲ್ಲಿ, ಕನ್ನಡ ಎಂ. ಎ. ತರಗತಿಯು ಪ್ರಾರಂಭವಾಯಿತು.

ಆ ಅಡಚಣೆಗಳು ಇಂದು ಇಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಾಯದೆಯಾಯಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. 1980ರಲ್ಲಿ ಕಲಬುರ್ಗಿಗೂ ಮಂಗಳೂರಿಗೂ ತಮ್ಮ ತಮ್ಮ ವಿಶ್ವವಿದ್ಯಾಲಯಗಳು ದೊರೆತವು. ಗಡಿಗಳು ಕೂಡಿದವು. ಪದವೀಧರನಿಗೂ ಅವನ ಊರಿಗೂ ನಡುವೆ ಇರುವ ಗಡಿಯು ಮಾತ್ರ ಪೂರ್ತಿಯಾಗಿ ಅಳಿದಿಲ್ಲ. ಅದನ್ನು ಅಳಿಸುವದು ಕಾಯದೆಯಿಂದಾಗುವ ಕೆಲಸವಲ್ಲ.

ನಮ್ಮ ವೃತ್ತಿಯಲ್ಲಿ ಇದನ್ನು ದಿನವೂ ಕಾಣುತ್ತೇವೆ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ವ್ಯವಹಾರದ ಭಾಷೆಯು ಇಂಗ್ಲಿಷ್. ಇಪ್ಪತ್ತು ವರುಷ ಹೊಲದ ವ್ಯಾಜ್ಯ ನಡೆಸಿದ ರೈತನು ತೀರ್ಪಾದ ದಿನ ಬಂದು, "ಏನಾತ್ರೀ ವಕೀಲರ?" ಎಂದು ಕೇಳುತ್ತಾನೆ. ಮೂವತ್ತು ಪುಟಗಳ ತೀರ್ಪು ಅವನ ಕೈಯಲ್ಲಿಯೇ ಇರುತ್ತದೆ. ಅದರಲ್ಲಿ ಅವನ ಹೊಲವಿದೆ, ಅವನ ಮಕ್ಕಳ ಅನ್ನವಿದೆ, ಅವನಿಗೆ ತಿಳಿಯುವ ಅಕ್ಷರ ಒಂದೂ ಇಲ್ಲ. ಚಿನ್ನದ ಪದಕ ಪಡೆದು ಬಂದ ತರುಣ ವಕೀಲನೊಬ್ಬನು ಅಂಥವನಿಗೆ ಉತ್ತರ ಹೇಳಲು ಹೋಗಿ, ಮೂರು ಮಾತಿನಲ್ಲಿ ಎರಡು ಇಂಗ್ಲಿಷ್ ಮಾತು ಬಂದು, ಕಡೆಗೆ "ಅಪೀಲು ಮಾಡಬೇಕಾಗುತ್ತದೆ" ಎಂದಷ್ಟೇ ಹೇಳಿ ಸುಮ್ಮನಾದದ್ದನ್ನು ನಾವು ಕಂಡಿದ್ದೇವೆ. ರೈತನು ಸೋತನೋ ಗೆದ್ದನೋ ಎಂಬದು ಅವನಿಗೆ ತಿಳಿದದ್ದು ಕಟ್ಟೆಯ ಮೇಲೆ ಕುಳಿತಿದ್ದ ಮುದಿ ಗುಮಾಸ್ತನಿಂದ. ಪದಕವು ಸುಳ್ಳಾಗಿರಲಿಲ್ಲ, ತರುಣನಿಗೆ ಕಾನೂನು ಬರುತ್ತಿತ್ತು. ಅದನ್ನು ಯಾರಿಗಾಗಿ ಕಲಿತನೋ ಅವನ ವರೆಗೆ ಮುಟ್ಟಿಸುವ ಸೇತುವೆಯನ್ನು ಮಾತ್ರ ಯಾರೂ ಕಟ್ಟಿಸಿರಲಿಲ್ಲ. ಔಷಧದ ಚೀಟಿಯನ್ನು ಹಿಡಿದು ನಿಂತ ರೋಗಿ, ಬೆಳೆಯ ವಿಮೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುದುಕಿ, ಬ್ಯಾಂಕಿನ ಸಾಲಪತ್ರಕ್ಕೆ ಓದದೆ ಸಹಿ ಮಾಡುವ ನೇಕಾರ, ಇವರೆಲ್ಲರೂ ಒಬ್ಬ ಪದವೀಧರನ ಬಾಯಿಂದ ನಾಲ್ಕು ತಿಳಿಯಾದ ಮಾತುಗಳಿಗಾಗಿ ಕಾದು ನಿಂತಿದ್ದಾರೆ.

"ಇವೆಲ್ಲ ಹೊಟ್ಟೆ ತುಂಬಿದವರ ಮಾತು, ನಮಗೆ ಮೊದಲು ನೌಕರಿ ಬೇಕು" ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಆ ಮಾತಿನಲ್ಲಿ ತಪ್ಪಿಲ್ಲ. ಮನೆಯವರು ಸಾಲ ಮಾಡಿ ಓದಿಸಿದ ಮಗನು ಮೊದಲು ಆ ಸಾಲವನ್ನು ತೀರಿಸಲಿ, ಅದೂ ಋಣವೇ. ಬೆಂಗಳೂರಿಗೆ ಹೋಗಿರಿ, ಮುಂಬಯಿಗೆ ಹೋಗಿರಿ, ಸಮುದ್ರ ದಾಟಿ ಹೋಗಿರಿ. ಇಂಗ್ಲಿಷನ್ನು ದ್ವೇಷಿಸಿರೆಂದು ನಾವು ಹೇಳುವದಿಲ್ಲ. ಅದನ್ನು ಅರೆಬರೆಯಾಗಿ ಕಲಿಯದೆ ಚೆನ್ನಾಗಿ ಕಲಿಯಿರಿ. ಶ್ರೀಕಂಠಯ್ಯನವರು ಇಂಗ್ಲಿಷನ್ನು ಬಲ್ಲವರಾದ್ದರಿಂದಲೇ ಅದರ ಸಂಪತ್ತನ್ನು ಕನ್ನಡಕ್ಕೆ ತರಬಲ್ಲವರಾದರು. ಎರಡು ದಡಗಳನ್ನೂ ಬಲ್ಲವನೇ ಅಂಬಿಗನಾಗಬಲ್ಲನು. ಒಂದು ದಡವನ್ನು ಮರೆತವನು ಆ ದಡದಲ್ಲಿ ಕಾದು ನಿಂತವರಿಗೆ ಏತಕ್ಕೂ ಉಪಯೋಗವಾಗುವದಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ವ್ರತಗಳನ್ನು ನಾವು ಹೇಳುವದಿಲ್ಲ. ದೊಡ್ಡ ವ್ರತಗಳು ಬೇಗ ಮುರಿಯುತ್ತವೆ. ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇವೆ. ಮೊದಲನೆಯದು, ನೀವು ಓದಿದ ವಿಷಯದಲ್ಲಿ ಒಂದನ್ನು ಆರಿಸಿ, ಅದು ರಸಾಯನಶಾಸ್ತ್ರವಿರಲಿ, ಅರ್ಥಶಾಸ್ತ್ರವಿರಲಿ, ನಾಲ್ಕು ಪುಟಗಳಲ್ಲಿ ತಿಳಿಗನ್ನಡದಲ್ಲಿ ಬರೆಯಿರಿ. ನಿಮ್ಮ ತಂದೆಯವರಿಗೋ ತಾಯಿಯವರಿಗೋ ಓದಿ ಹೇಳಿರಿ. ಅವರಿಗೆ ತಿಳಿಯದ ವಾಕ್ಯವನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಎಲ್ಲಿ ನಿಮ್ಮ ಬರವಣಿಗೆ ತೊಡಕಾಗುವದೋ ಅಲ್ಲಿ ನಿಮ್ಮ ತಿಳಿವಳಿಕೆಯೂ ತೊಡಕಾಗಿದೆಯೆಂಬದು ಆಗ ಗೊತ್ತಾಗುವದು. ಎರಡನೆಯದು, ನೀವು ಕಲಿತ ಹಳ್ಳಿಯ ಶಾಲೆಗೆ ವರುಷಕ್ಕೆರಡು ದಿನವಾದರೂ ಹೋಗಿ ಅಲ್ಲಿಯ ಮಕ್ಕಳಿಗೆ ಒಂದು ಪಾಠ ಹೇಳಿರಿ. ಕಾಲೇಜೆಂದರೆ ತಮಗೂ ಎಟಕುವ ವಸ್ತುವೆಂಬದು ಆ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ನಿಮ್ಮನ್ನು ನೋಡಿದಾಗ ತಿಳಿಯುವದು. ಮೂರನೆಯದು, ನಿಮ್ಮ ಓಣಿಯವರು ಕಾಗದವೊಂದನ್ನು ಹಿಡಿದು ಬಂದರೆ, ಸಮಯವಿಲ್ಲವೆನ್ನದೆ, ಕೂಡ್ರಿಸಿ ಓದಿ ಹೇಳಿರಿ. ಇದಕ್ಕೆ ಹಣ ಬೇಡ, ಸಂಘ ಬೇಡ, ಸಭಾಪತಿ ಬೇಡ.

ಇಲ್ಲಿ ಕುಳಿತ ಶಿಕ್ಷಕರಿಗೂ ಒಂದು ಬಿನ್ನಹ. ಪಠ್ಯಕ್ರಮವು ನಿಮ್ಮ ಕೈಯಲ್ಲಿಲ್ಲ, ಪ್ರಶ್ನಪತ್ರಿಕೆಯೂ ಇಲ್ಲ. ಆದರೆ ವಾರದಲ್ಲಿ ಒಂದು ತಾಸು ವಹಿಗಳನ್ನು ಮುಚ್ಚಿಸುವ ಅಧಿಕಾರವು ನಿಮ್ಮ ಕೈಯಲ್ಲಿದೆ. ಆ ಒಂದು ತಾಸಿನಲ್ಲಿ ಹುಡುಗರು ತಮ್ಮ ಮಾತಿನಲ್ಲಿ ಮಾತನಾಡಲಿ, ತಡವರಿಸಲಿ, ಒಬ್ಬರನ್ನೊಬ್ಬರು ತಿದ್ದಲಿ. ಎರಡನೆಯ ಕಾಲೇಜಿನ ಬಾಗಿಲು ಅಲ್ಲಿಯೇ ತೆರೆಯುತ್ತದೆ.

ಪದವೀಧರ ಬಂಧುಗಳೇ, ವಿಶ್ವವಿದ್ಯಾಲಯವು ಕೊಟ್ಟ ಪ್ರಮಾಣಪತ್ರದ ಮೇಲೆ ನಿಮ್ಮ ಹೆಸರೊಂದೇ ಇದೆ. ಲಿಂಗರಾಜರ ಹೆಸರು ಅದರಲ್ಲಿಲ್ಲ. ಬುತ್ತಿ ಕಳಿಸಿದ ತಾಯಿಯ ಹೆಸರೂ ಇಲ್ಲ. ಸಾಲ ಕೊಟ್ಟವರು ಯಾರೂ ನಿಮ್ಮ ಬಾಗಿಲಿಗೆ ಬಂದು ಕೇಳುವದಿಲ್ಲ, ನಾವು ವಕೀಲರು ನೋಟೀಸು ಕಳಿಸುವದೂ ಇಲ್ಲ. ಯಾವ ನ್ಯಾಯಾಲಯದಲ್ಲಿಯೂ ಈ ಬಾಕಿಯ ದಾವೆ ನಡೆಯಲಾರದು. ಆದಕಾರಣವೇ ಇದನ್ನು ತೀರಿಸುವವರನ್ನು ನಾಡು ನೆನಪಿಡುತ್ತದೆ. ನಿಮ್ಮ ಕೈಯಿಂದ ಇದು ತೀರಲಿ, ನಿಮ್ಮ ಬಾಳು ಬೆಳಗಲಿ ಎಂದು ಹಾರೈಸುತ್ತೇವೆ.